ಕಬಿನಿ ದಡದ ಹುಲ್ಲಿಗೂ ಒಂದು ಚರಿತ್ರೆ

ಬೇಸಿಗೆಯ ಸಂಜೆ ಕಬಿನಿ ಹಿನ್ನೀರಿನಲ್ಲಿ ಕಾಣುವ ನೋಟ ನಾಡಿನ ಬಹಳ ಜನರಿಗೆ ಪರಿಚಿತ. ಕಣ್ಣಾರೆ ನೋಡದವರೂ ಕ್ಯಾಲೆಂಡರಿನ ಚಿತ್ರಗಳಲ್ಲಿ ನೋಡಿರುತ್ತಾರೆ. ನೀರು ಬಹುದೂರ ಹಿಂದೆ ಸರಿದಿರುತ್ತದೆ. ನೀರಿಗೂ ಕಾಡಿಗೂ ನಡುವೆ ಅಗಲವಾದ ಹಸಿರು ಹುಲ್ಲಿನ ಪಟ್ಟಿ. ಅದರ ಮೇಲೆ ಮರಿಗಳನ್ನು ನಡುವೆ ಇಟ್ಟುಕೊಂಡು ಮೇಯುತ್ತಿರುವ ಆನೆಗಳ ಹಿಂಡು. ಆಚೆಗೆ ಜಿಂಕೆ, ಕಾಟಿ. ನೀರಿನಲ್ಲಿ ಎಂದೋ ಸತ್ತು ಇನ್ನೂ ಬೀಳದೆ ನಿಂತ ಮರಗಳ ಬೋಳು ಕಾಂಡಗಳು, ಅವುಗಳ ತುದಿಯಲ್ಲಿ ರೆಕ್ಕೆ ಒಣಗಿಸುತ್ತ ಕುಳಿತ ನೀರುಕಾಗೆಗಳು.

ಇದನ್ನು ನೋಡಿದ ಪ್ರವಾಸಿಗರು ‘ಮನುಷ್ಯನ ಕೈ ಸೋಕದ ನಿಸರ್ಗ’ ಎಂದು ಉದ್ಗರಿಸುವುದು ಸಹಜ. ಆದರೆ ಆ ಹುಲ್ಲುಗಾವಲು 1974ಕ್ಕೆ ಮೊದಲು ಇರಲೇ ಇಲ್ಲ. ಅದು ಒಂದು ಅಣೆಕಟ್ಟಿನ ಫಲ. ಅಣೆಕಟ್ಟು ಬರುವುದಕ್ಕೆ ಮೊದಲು ಅದೇ ನದಿಯ ದಡದಲ್ಲಿ ಆನೆಗಳನ್ನು ಸುತ್ತುವರಿದು, ನೀರಿಗಿಳಿಸಿ, ಸೆರೆ ಹಿಡಿಯಲಾಗುತ್ತಿತ್ತು. ಆ ನದಿಯ ಆಚೀಚೆ ಜನರಿದ್ದರು. ಅವರ ಗುಡಿಸಲು, ದೇವರು, ಹೊಲಗಳಿದ್ದವು. ಇಂದು ಆನೆಗಳು ನಿರ್ಭಯವಾಗಿ ಮೇಯುವ ಈ ತಾಣ ಒಂದು ಕಾಲಕ್ಕೆ ಅವುಗಳಿಗೆ ಅತ್ಯಂತ ಭಯದ ತಾಣವಾಗಿತ್ತು ಎಂಬುದನ್ನು ತಿಳಿದು ನೋಡಿದರೆ ನೋಟದ ಅರ್ಥವೇ ಬೇರೆಯಾಗುತ್ತದೆ.

ನಾಗರಹೊಳೆ ನಿಸರ್ಗದ ಪುಸ್ತಕವಷ್ಟೇ ಅಲ್ಲ, ಚರಿತ್ರೆಯ ಪುಸ್ತಕವೂ ಹೌದು. ಅದನ್ನು ಓದಲು ಅಲ್ಲಿನ ಮೂರು ಬಗೆಯ ನೆಲವನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಮರಗಳ ನೆಲ, ಹುಲ್ಲಿನ ಜೌಗು ನೆಲ ಮತ್ತು ಹಿನ್ನೀರಿನ ನೆಲ.

ಎರಡು ಸೀಮೆಯ ಕಾಡು

ನಾಗರಹೊಳೆ ಎಂದು ಈಗ ನಾವು ಕರೆಯುವ ಕಾಡು ಮೊದಲಿನಿಂದಲೂ ಒಂದೇ ಕಾಡಾಗಿರಲಿಲ್ಲ. ಅದರ ಪಶ್ಚಿಮ ಭಾಗ ಕೊಡಗಿನದು. ನಾಲ್ಕೇರಿ, ಹತ್ಗಟ್ಟು, ಆರ್ಕೇರಿ ಮೀಸಲು ಅರಣ್ಯಗಳು ಆ ಕಡೆಗೆ ಸೇರಿದವು. ಪೂರ್ವ ಮತ್ತು ದಕ್ಷಿಣ ಭಾಗ ಮೈಸೂರು ಸಂಸ್ಥಾನದ್ದು. ಕಾಕನಕೋಟೆ, ಮೇಟಿಕುಪ್ಪೆ, ವೀರನಹೊಸಹಳ್ಳಿ ಮೊದಲಾದವು ಆ ಕಡೆಗೆ. ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿತ್ತು, ಮೈಸೂರು ಅರಸರ ಕೈಯಲ್ಲಿತ್ತು. ಹೀಗಾಗಿ ಒಂದೇ ಕಾಡಿಗೆ ಎರಡು ಕಾನೂನು, ಎರಡು ಬಗೆಯ ಬಳಕೆ. ಸ್ವಾತಂತ್ರ್ಯಾನಂತರ, 1955ರಲ್ಲಿ, ಆಗ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ತನ್ನ ಪಾಲಿನ ಕಾಡನ್ನು ವನ್ಯಮೃಗಧಾಮವೆಂದು ಘೋಷಿಸಿತು. ಮರುವರ್ಷವೇ ಕೊಡಗು ವಿಶಾಲ ಮೈಸೂರಿನಲ್ಲಿ ವಿಲೀನವಾಯಿತು. ಎಪ್ಪತ್ತರ ದಶಕದಲ್ಲಿ ಮೈಸೂರು ಭಾಗದ ಕಾಡುಗಳೂ ಇದಕ್ಕೆ ಸೇರಿದವು. 1988ರಲ್ಲಿ 643 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನವಾಯಿತು. 1992ರಲ್ಲಿ ಅದಕ್ಕೆ ರಾಜೀವ್ ಗಾಂಧಿ ಅವರ ಹೆಸರಿಡಲಾಯಿತು. 1999ರಲ್ಲಿ ಹುಲಿ ಯೋಜನೆಗೂ ಸೇರಿತು. ಆದರೆ ಜನರ ಬಾಯಲ್ಲಿ ಉಳಿದದ್ದು ಹಾವಿನಂತೆ ಬಳುಕುವ ತೊರೆಯೊಂದರ ಹೆಸರು: ನಾಗರಹೊಳೆ.

ಕಾಡಿನೊಳಗೆ ಹೋಗುವಾಗ ಮೊದಲು ಎದುರಾಗುವುದು ಮರಗಳು. ಮತ್ತಿ, ಹೊನ್ನೆ, ನಂದಿ, ಬೀಟೆ, ಬಿದಿರು. ಇವು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡಿನ ಸಹಜ ಪ್ರಜೆಗಳು. ಆದರೆ ನಡುನಡುವೆ ಒಂದೇ ಎತ್ತರದ, ಒಂದೇ ವಯಸ್ಸಿನ ತೇಗದ ಮರಗಳು ಸಾಲು ಹಿಡಿದು ನಿಂತಿರುವುದನ್ನು ನೋಡಬಹುದು. ತೇಗ ಇಲ್ಲಿ ತಾನಾಗಿಯೂ ಬೆಳೆಯುವ ಮರ. ಆದರೆ ಕಾಡಿನಲ್ಲಿ ಮರ ಸಾಲು ಹಿಡಿದು ಹುಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅರಣ್ಯ ಇಲಾಖೆ ಇಲ್ಲಿನ ಸಹಜ ಕಾಡನ್ನು ಕಡಿದು ತೇಗದ ನೆಡುತೋಪುಗಳನ್ನು ಎಬ್ಬಿಸಿತು. ಆಗ ಕಾಡೆಂದರೆ ಮರಮುಟ್ಟಿನ ಉಗ್ರಾಣ. ಮರ ಕಡಿಯಲು, ಸಸಿ ನೆಡಲು, ಕಳೆ ತೆಗೆಯಲು, ಬೆಂಕಿ ಬೀಳದಂತೆ ಕಾಯಲು ಕೈಗಳು ಬೇಕಿದ್ದವು. ಆ ಕೈಗಳು ಕಾಡಿನಲ್ಲೇ ಇದ್ದವು. ಅವು ಜೇನುಕುರುಬರ, ಬೆಟ್ಟಕುರುಬರ, ಯರವರ ಕೈಗಳು. ಅವರ ಹಾಡಿಗಳ ಪಕ್ಕದಲ್ಲೇ ತೇಗದ ತೋಪುಗಳು ಎದ್ದವು. ಇಂದು ಪ್ರವಾಸಿಗರಿಗೆ ದಟ್ಟ ಅಡವಿಯೆಂದು ತೋರುವ ಎಷ್ಟೋ ಭಾಗ ಹೀಗೆ ಕೂಲಿಯವರ ಬೆವರಿನಿಂದ ಬೆಳೆದದ್ದು.

ಹಡ್ಲು ಎಂಬ ಹಸಿರು

ಮರಗಳ ನಡುವೆ ಸಾಗುತ್ತಿದ್ದಂತೆ ಇದ್ದಕ್ಕಿದ್ದಂತೆ ಕಾಡು ತೆರೆದುಕೊಳ್ಳುತ್ತದೆ. ತಟ್ಟೆಯಂತೆ ತಗ್ಗಾದ ಬಯಲು. ಅದರ ತುಂಬ ಹುಲ್ಲು. ಅಂಚಿನಲ್ಲಿ ಮಾತ್ರ ಮರಗಳು. ಇದಕ್ಕೆ ಸ್ಥಳೀಯರು ‘ಹಡ್ಲು’ ಎನ್ನುತ್ತಾರೆ. ನಾಗರಹೊಳೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪದ ಗೊತ್ತಿದ್ದರೆ ಅರ್ಧ ಕೆಲಸವಾದಂತೆ.

ಹಡ್ಲು ಹುಟ್ಟುವ ಬಗೆ ಸರಳ. ಸುತ್ತಲಿನ ಏರುಗಳಿಂದ ಮಳೆಯ ನೀರು ಬಸಿದು ತಗ್ಗಿಗೆ ಬರುತ್ತದೆ. ಅಲ್ಲಿನ ಮಣ್ಣು ಜೇಡಿ. ನೀರನ್ನು ಬೇಗ ಬಿಡುವುದಿಲ್ಲ. ವರ್ಷದ ಬಹುಭಾಗ ಬೇರು ನೀರಿನಲ್ಲಿ ನೆನೆದರೆ ಹೆಚ್ಚಿನ ಮರಗಳು ಬದುಕುವುದಿಲ್ಲ, ಹುಲ್ಲು ಬದುಕುತ್ತದೆ. ಹೀಗಾಗಿ ಅದು ಹುಲ್ಲುಗಾವಲೂ ಹೌದು, ಜೌಗು ಭೂಮಿಯೂ ಹೌದು. ಫೆಬ್ರುವರಿ, ಮಾರ್ಚ್ ಬಂತೆಂದರೆ ಸುತ್ತಲಿನ ಮತ್ತಿ, ತೇಗಗಳು ಬೋಳಾಗುತ್ತವೆ. ನೆಲದ ತರಗು ಕಾಲಿಟ್ಟಲ್ಲಿ ಸದ್ದು ಮಾಡುತ್ತದೆ. ಆಗಲೂ ಹಡ್ಲಿನಲ್ಲಿ ಹಸಿ ಇರುತ್ತದೆ. ಜಿಂಕೆ, ಕಾಟಿ, ಆನೆಗಳು ಅಲ್ಲಿಗೆ ಬರುತ್ತವೆ. ಜಿಂಕೆ, ಕಾಟಿ ಬಂದಲ್ಲಿಗೆ ಅವುಗಳನ್ನು ಅರಸಿ ಹುಲಿ, ಚಿರತೆ, ಸೀಳುನಾಯಿಗಳು ಬರುತ್ತವೆ. ನಾಗರಹೊಳೆಯಲ್ಲಿ ಹುಲಿಗಳು ಇಷ್ಟು ಒತ್ತಾಗಿ ಬದುಕಲು ಮುಖ್ಯ ಕಾರಣ ಅವುಗಳಿಗೆ ಸಿಗುವ ಬೇಟೆಯ ಸಮೃದ್ಧಿ. ಆ ಸಮೃದ್ಧಿಯಲ್ಲಿ ಹಡ್ಲಿನ ಪಾಲು ದೊಡ್ಡದು.

ಆದರೆ ನೀರು ನಿಲ್ಲುವ ಜೇಡಿಮಣ್ಣಿನ ತಗ್ಗು ಹುಲ್ಲಿಗೆ ಮಾತ್ರವಲ್ಲ, ಭತ್ತಕ್ಕೂ ಪ್ರಿಯ. ಕರಾವಳಿಯಲ್ಲಿ ಉಳುಮೆಯಿಲ್ಲದೆ ಬಿಟ್ಟ ಗದ್ದೆಗೆ ‘ಹಡಿಲು’ ಎನ್ನುತ್ತಾರೆ. ನಾಗರಹೊಳೆಯ ಹಡ್ಲು ಆ ಮಾತನ್ನು ನೆನಪಿಗೆ ತರುತ್ತದೆ. ಕಾಡಿನೊಳಗಿನ ಹಡ್ಲುಗಳಲ್ಲಿ ಕೆಲವನ್ನು ಎಪ್ಪತ್ತರ ದಶಕದವರೆಗೂ ಉತ್ತು ಬಿತ್ತುತ್ತಿದ್ದರು. ಕಾಡಿನ ರಕ್ಷಣೆ ಬಿಗಿಯಾದಂತೆ ಸಾಗುವಳಿ ನಿಂತಿತು, ಸಾಗುವಳಿದಾರರು ಹೊರಗೆ ಹೋದರು, ಗದ್ದೆ ಮತ್ತೆ ಹುಲ್ಲಾಯಿತು, ಹುಲ್ಲಿಗೆ ಮೃಗಗಳು ಮರಳಿದವು. ಹಾಗಾಗಿ ಹಡ್ಲಿನ ಅಂಚಿನಲ್ಲಿ ನಿಂತು ಕಾಟಿಯ ಹಿಂಡನ್ನು ನೋಡುವಾಗ ನಾವು ಕೆಲವೊಮ್ಮೆ ನೋಡುತ್ತಿರುವುದು ಹಳೆಯ ಗದ್ದೆಯೊಂದನ್ನು. ಅಲ್ಲಿ ಕಾಡು ಗೆದ್ದಿದೆ ಎನ್ನಬಹುದು. ಯಾರೋ ಎದ್ದು ಹೋಗಿದ್ದಾರೆ ಎಂದೂ ಹೇಳಬೇಕಾಗುತ್ತದೆ.

ಆನೆ ಹಿಡಿಯುವ ಹಬ್ಬ

ಕಾಕನಕೋಟೆ ಎಂಬ ಹೆಸರು ಕನ್ನಡಿಗರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಾಟಕದಿಂದ, ಅದನ್ನು ಆಧರಿಸಿ 1977ರಲ್ಲಿ ತೆರೆಗೆ ಬಂದ ಚಲನಚಿತ್ರದಿಂದ ಪರಿಚಿತ. ಆದರೆ ಹೊರಜಗತ್ತಿಗೆ ಅದು ಪರಿಚಯವಾದದ್ದು ಖೆಡ್ಡಾದಿಂದ. ಖೆಡ್ಡಾ ಎಂದರೆ ಕಾಡಾನೆಗಳ ಹಿಂಡನ್ನೇ ಒಟ್ಟಾಗಿ ಅಟ್ಟಿ ದೊಡ್ಡಿಗೆ ನುಗ್ಗಿಸಿ ಹಿಡಿಯುವ ವಿಧಾನ. ಅದಕ್ಕೆ ಮೊದಲು ನಮ್ಮಲ್ಲಿ ಆನೆ ಹಿಡಿಯುತ್ತಿದ್ದದ್ದು ಹೆಚ್ಚಾಗಿ ಗುಂಡಿ ತೋಡಿ. ಗುಂಡಿಗೆ ಬಿದ್ದ ಆನೆ ಕಾಲು ಮುರಿದುಕೊಳ್ಳುವುದು, ಸಾಯುವುದು ಸಾಮಾನ್ಯವಾಗಿತ್ತು.

ಮೈಸೂರಿನಲ್ಲಿ ಖೆಡ್ಡಾವನ್ನು ನೆಲೆಗೊಳಿಸಿದವನು ಜಿ.ಪಿ. ಸಾಂಡರ್ಸನ್. ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲದಲ್ಲಿ ಆತ ಇಲ್ಲಿನ ನಾಲೆಗಳ ಉಸ್ತುವಾರಿಯ ಅಧಿಕಾರಿ. ಹೈದರಾಲಿ ನೂರು ವರ್ಷದ ಹಿಂದೆ ಕಾಕನಕೋಟೆಯ ಕಾಡಿನಲ್ಲಿ ಇಂಥ ಪ್ರಯತ್ನ ಮಾಡಿ ಸೋತನೆಂದೂ, ಇನ್ನು ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರೆಂದು ಶಾಪದ ಕಲ್ಲು ನೆಡಿಸಿದನೆಂದೂ ಸಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆತನ ಮೊದಲ ಗೆಲುವು ಬಂದದ್ದು 1874ರಲ್ಲಿ, ಚಾಮರಾಜನಗರದ ಬಳಿಯ ಕಾಡಿನಲ್ಲಿ. ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆಗಳು ಸಿಕ್ಕವು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಕಾಕನಕೋಟೆಯಲ್ಲಿ ಖೆಡ್ಡಾ ಏರ್ಪಟ್ಟಿತು. ಅಲ್ಲಿಂದ ಮುಂದೆ ಅದು ಕೇವಲ ಆನೆ ಹಿಡಿಯುವ ಕೆಲಸವಾಗಿ ಉಳಿಯಲಿಲ್ಲ. ಸಂಸ್ಥಾನದ ಒಂದು ವೈಭವವಾಯಿತು. ದಸರೆಗೆ ಅಂಬಾರಿ ಹೇಗೋ, ದೊಡ್ಡ ಅತಿಥಿಗಳಿಗೆ ಖೆಡ್ಡಾ ಹಾಗೆ.

ಕಾಕನಕೋಟೆಯ ವಿಶೇಷ ಕಬಿನಿ ನದಿ. ಮೊದಲು ಕುರುಬರು ದಿನಗಟ್ಟಲೆ ಜಾಡು ಹಿಡಿದು ಹಿಂಡನ್ನು ಪತ್ತೆ ಮಾಡುತ್ತಿದ್ದರು. ಆಮೇಲೆ ನೂರಾರು ಜನ ದೂರದಿಂದ ಸುತ್ತುವರಿದು, ರಾತ್ರಿ ಬೆಂಕಿ ಹಾಕಿ, ಹಗಲು ತಮಟೆ, ಕೂಗುಗಳಿಂದ ಹಿಂಡನ್ನು ಸ್ವಲ್ಪ ಸ್ವಲ್ಪವೇ ನದಿಯ ಕಡೆಗೆ ಸರಿಸುತ್ತಿದ್ದರು. ಕೊನೆಯ ದಿನ ಹಿಂಡು ಹೊಳೆಗೆ ಇಳಿಯಬೇಕು, ಆಚೆಯ ದಡ ಹತ್ತಬೇಕು. ಅಲ್ಲಿ ದಿಮ್ಮಿಗಳ ಬಲವಾದ ಬೇಲಿಯ ದೊಡ್ಡಿ ಕಾದಿರುತ್ತಿತ್ತು. ಕೊನೆಯ ಆನೆ ಒಳಗೆ ಹೋದೊಡನೆ ಹಗ್ಗ ಕಡಿದು ಬಾಗಿಲು ಬೀಳಿಸುತ್ತಿದ್ದರು. ಅತಿಥಿಗಳು ಮರೆಯಲ್ಲಿ ಕಟ್ಟಿದ ಅಟ್ಟಣಿಗೆಗಳಲ್ಲಿ ಕುಳಿತು ನೋಡುತ್ತಿದ್ದರು. ಮರುದಿನ ಪಳಗಿದ ಆನೆಗಳ ಮೇಲೆ ಮಾವುತರು ದೊಡ್ಡಿಯೊಳಗೆ ಹೋಗಿ ಒಂದೊಂದೇ ಆನೆಯ ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ಹಿಡಿದ ಆನೆಗಳಲ್ಲಿ ಕೆಲವು ಸರ್ಕಾರಕ್ಕೆ, ಅರಮನೆಗೆ, ಉಳಿದವು ಮಾರಾಟಕ್ಕೆ. ಹಗ್ಗದ ಗಾಯದಿಂದ, ಮಂಕು ಕವಿದು ಮೇವು ಬಿಟ್ಟು ಸತ್ತವೂ ಇದ್ದವು. ತಾಯಿಯಿಂದ ಬೇರೆಯಾದ ಮರಿಗಳ ಕತೆ ಬೇರೆ ಹೇಳಬೇಕಾಗಿಲ್ಲ.

1906ರಲ್ಲಿ, 1922ರಲ್ಲಿ ಬ್ರಿಟನ್ನಿನ ಯುವರಾಜರು ಮೈಸೂರಿಗೆ ಬಂದಾಗಲೂ ಖೆಡ್ಡಾ ನಡೆಯಿತು. ಮೂವತ್ತರ ದಶಕದಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರ ನಿರ್ದೇಶಕ ಕಿಪ್ಲಿಂಗನ ಕತೆಯೊಂದನ್ನು ತೆರೆಗೆ ತರಲು ಮೈಸೂರಿಗೆ ಬಂದ. ‘ಎಲಿಫೆಂಟ್ ಬಾಯ್’ ಎಂಬ ಆ ಚಿತ್ರ 1937ರಲ್ಲಿ ಬಿಡುಗಡೆಯಾಯಿತು. ಅದರ ನಾಯಕ ಸಾಬು. ಮೈಸೂರು ಸೀಮೆಯ ಮಾವುತನೊಬ್ಬನ ಮಗ, 1924ರಲ್ಲಿ ಹುಟ್ಟಿದ ಹುಡುಗ. ಆ ಒಂದು ಚಿತ್ರ ಅವನನ್ನು ಮೊದಲು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಕರೆದೊಯ್ದಿತು. 1963ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. ಜಗತ್ತು ಸಾಬುವನ್ನು ನೆನಪಿಟ್ಟುಕೊಂಡಿತು. ಆದರೆ ಹಿಂಡಿನ ಜಾಡು ಹಿಡಿದ ಕುರುಬರ ಹೆಸರುಗಳು ಯಾವ ದಾಖಲೆಯಲ್ಲೂ ಅಷ್ಟಾಗಿ ಉಳಿಯಲಿಲ್ಲ. ಆನೆ ಯಾವ ಗಾಳಿಗೆ ಯಾವ ಕಡೆ ತಿರುಗುತ್ತದೆ, ಯಾವ ತಿಂಗಳು ಯಾವ ಹಡ್ಲಿನಲ್ಲಿರುತ್ತದೆ ಎಂಬ ಅವರ ತಿಳಿವಳಿಕೆ ಇಲ್ಲದೆ ಒಂದು ಖೆಡ್ಡಾವೂ ನಡೆಯುವಂತಿರಲಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1977ರಲ್ಲಿ ಆನೆ ಆ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿ ಅತ್ಯುನ್ನತ ರಕ್ಷಣೆ ಪಡೆಯಿತು. ಖೆಡ್ಡಾದ ನೆನಪು ಮಾತ್ರ ಬಹಳ ಕಾಲ ನಮ್ಮ ಕಣ್ಣೆದುರಿಗೇ ನಡೆದಾಡುತ್ತಿತ್ತು. 2012ರಿಂದ 2019ರವರೆಗೆ ಎಂಟು ವರ್ಷ ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಆನೆ. ಹಿನ್ನೀರಿಗೆ ಸಮೀಪದ ಬಳ್ಳೆ ಶಿಬಿರ ಅವನ ಮನೆಯಾಗಿತ್ತು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಿನ ಸಲಗವೊಂದರೊಡನೆ ಸೆಣಸಿ ಅವನು ಸತ್ತ. ಮನುಷ್ಯರು ಸೆರೆ ಹಿಡಿದ ಆನೆಯೊಂದು ಮತ್ತೊಂದು ಆನೆಯನ್ನು ಸೆರೆ ಹಿಡಿದುಕೊಡಲು ಹೋಗಿ ಪ್ರಾಣ ಬಿಟ್ಟಿತು. ಖೆಡ್ಡಾ ನಿಂತಿದೆ, ಅದು ಹುಟ್ಟಿಸಿದ ಸಂಬಂಧ ಪೂರ್ತಿ ಮುಗಿದಿಲ್ಲ.

ಮುಳುಗಿದ ನೆಲ, ಎದ್ದ ಹುಲ್ಲು

ಕಬಿನಿಗೆ ಕಪಿಲೆ ಎಂಬ ಹೆಸರೂ ಉಂಟು. ಕೇರಳದ ವಯನಾಡಿನಲ್ಲಿ ಹುಟ್ಟಿ, ನಂಜನಗೂಡನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ನದಿ ಅದು. ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಜಲಾಶಯದ ಸಾಮರ್ಥ್ಯ 19.52 ಟಿಎಂಸಿ ಅಡಿ. ಕೆಳಗಿನ ತಾಲ್ಲೂಕುಗಳ ಗದ್ದೆಗಳಿಗೆ ನೀರು ಬಂತು. ಮೇಲೆ ಕಾಡು, ಊರು, ಹಾಡಿ, ಖೆಡ್ಡಾದ ಹಳೆಯ ನೆಲ ಎಲ್ಲವೂ ಮುಳುಗಿದವು. ನೀರಿನಲ್ಲಿ ಇಂದಿಗೂ ಕಾಣುವ ಒಣಮರಗಳು ಆ ಮುಳುಗಡೆಯ ಸಾಕ್ಷಿಗಳು. ಒಂದಾಗಿದ್ದ ಕಾಡು ಎರಡಾಯಿತು. ಹಿನ್ನೀರಿನ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ.

ಇದರಲ್ಲಿ ಯಾವ ಎಂಜಿನಿಯರನೂ ಎಣಿಸಿರದ ಒಂದು ಸಂಗತಿ ನಡೆಯಿತು. ಮಳೆಗಾಲದಲ್ಲಿ ತುಂಬಿದ ಜಲಾಶಯ ನಾಲೆಗಳಿಗೆ, ನದಿಗೆ ನೀರು ಬಿಡುತ್ತ ಬಿಡುತ್ತ ಬೇಸಿಗೆಯ ಹೊತ್ತಿಗೆ ಇಳಿಯುತ್ತದೆ. ನೀರು ಸರಿದಂತೆಲ್ಲ ಹೂಳಿನ ಹಸಿನೆಲ ಹೊರಬರುತ್ತದೆ. ಅದರ ಮೇಲೆ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿ ನಿಂತ ಕಾಲದಲ್ಲೇ ಇಲ್ಲಿ ಹಸಿರು, ಪಕ್ಕದಲ್ಲೇ ನೀರು. ಬಂಡೀಪುರದಿಂದ, ವಯನಾಡಿನಿಂದ ಆನೆಗಳು ಹಿಂಡುಹಿಂಡಾಗಿ ಬಂದು ಸೇರುತ್ತವೆ. ಜೂನಿನಲ್ಲಿ ವಯನಾಡಿಗೆ ಮಳೆ ಹಿಡಿದು ಹೊಳೆ ಕೆಂಪಾಗಿ ಬರುತ್ತಿದ್ದಂತೆ ಹುಲ್ಲು ಮತ್ತೆ ಮುಳುಗುತ್ತದೆ. ಆನೆಗಳು ಕಾಡಿನೊಳಗೆ ಚದುರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣಗಳು ವಿರಳ. ಅಂಥ ಒಂದು ತಾಣವನ್ನು ಅಣೆಕಟ್ಟೊಂದು ತನಗರಿವಿಲ್ಲದೆ ಸೃಷ್ಟಿಸಿತು.

ಅಣೆಕಟ್ಟು ಕಾಡಿಗೆ ಒಳ್ಳೆಯದನ್ನೇ ಮಾಡಿತೆಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ಅದು ಮುಳುಗಿಸಿದ್ದು ನದೀತೀರದ ಶ್ರೀಮಂತ ಕಾಡನ್ನು. ಆನೆಗಳ ಹಳೆಯ ದಾರಿಗಳನ್ನು ಕತ್ತರಿಸಿತು; ಅವು ಓಡಾಡುವ ಜಾಗ ಹಿನ್ನೀರಿಗೂ ಹೊಲಗಳಿಗೂ ನಡುವೆ ಕಿರಿದಾಯಿತು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಿತು ಎನ್ನಬಹುದು. ಮುಖ್ಯವಾದ ಮಾತೆಂದರೆ, ಈ ಹುಲ್ಲುಗಾವಲಿನ ಉಳಿವು ಈಗಲೂ ಮನುಷ್ಯರ ನಿರ್ಧಾರದಲ್ಲಿದೆ. ತೂಬು ಯಾವಾಗ ಎತ್ತಬೇಕು, ಎಷ್ಟು ನೀರು ಬಿಡಬೇಕು ಎಂಬುದು ರೈತರ ಬೆಳೆ, ಪಟ್ಟಣಗಳ ಕುಡಿಯುವ ನೀರು, ಕಾವೇರಿಯ ಹಂಚಿಕೆ ಇವುಗಳ ಲೆಕ್ಕ. ಆನೆಯ ಹುಲ್ಲು ಆ ಲೆಕ್ಕದ ಉಳಿಕೆ.

ಕಾವಲಿನ ಬೆಲೆ

ಎಪ್ಪತ್ತರ ದಶಕದ ನಂತರದ ಕತೆ ರಕ್ಷಣೆಯ ಕತೆ. ಬೇಟೆ ನಿಂತಿತು, ಮರ ಕಡಿಯುವುದು ಕ್ರಮೇಣ ನಿಂತಿತು, ಕಾವಲು ಬಲವಾಯಿತು. 1986ರಿಂದ ಉಲ್ಲಾಸ ಕಾರಂತರು ಇಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ಹುಲಿಯ ಮೈಮೇಲಿನ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರಂತೆ ಇನ್ನೊಂದಿರುವುದಿಲ್ಲ. ಕ್ಯಾಮೆರಾಗಳನ್ನು ಕಾಡಿನ ದಾರಿಗಳಲ್ಲಿ ಇಟ್ಟು, ಪಟ್ಟೆಗಳ ಮೂಲಕ ಹುಲಿಗಳನ್ನು ಗುರುತಿಸಿ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನ ರೂಪುಗೊಂಡದ್ದು ಬಹುಮಟ್ಟಿಗೆ ಈ ಕಾಡಿನಲ್ಲಿ. ಹೆಜ್ಜೆಗುರುತಿನ ಎಣಿಕೆಯನ್ನು ಕೈಬಿಟ್ಟು ಕ್ಯಾಮೆರಾಗಳನ್ನು ನೆಚ್ಚುವ ದಾರಿಯನ್ನು ದೇಶವೇ ಮುಂದೆ ಹಿಡಿಯಿತು. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿಗಳಿದ್ದವು. ಒಂದು ಕಾಲದ ಮರಮುಟ್ಟಿನ ಉಗ್ರಾಣ ಹುಲಿಗಳ ತವರಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಅದಕ್ಕೊಂದು ಬೆಲೆ ಇತ್ತು. ಅದನ್ನು ತೆತ್ತವರು ಯಾರೆಂಬುದನ್ನು ಮರೆಯಬಾರದು. ಖೆಡ್ಡಾಕ್ಕೆ ಜಾಡು ಹಿಡಿದವರೂ, ತೇಗ ನೆಟ್ಟವರೂ, ಅಣೆಕಟ್ಟಿನ ನೀರಿಗೆ ಹಾಡಿ ಬಿಟ್ಟುಕೊಟ್ಟವರೂ ಆದ ಕುರುಬರು, ಯರವರು ಈಗ ರಾಷ್ಟ್ರೀಯ ಉದ್ಯಾನದ ನಡುವೆ ಇರಬಾರದವರಾದರು. ಕೆಲವರು ಹೊರಗಿನ ಕಾಫಿ ತೋಟಗಳ ಲೈನು ಮನೆಗಳಿಗೆ ಸೇರಿದರು. ಉಳಿದವರ ಮೇಲೆ ನಿರ್ಬಂಧಗಳು ಬಂದವು. ಇದೇ ಹೊತ್ತಿಗೆ ಕಾಡಿನೊಳಗೆ ಮೂರ್ಕಲ್ಲಿನಲ್ಲಿ ಖಾಸಗಿ ಹೋಟೆಲೊಂದು ಏಳತೊಡಗಿತು. ಹಾಡಿಯ ಮಂದಿಗೆ ಜಾಗವಿಲ್ಲದ ಕಾಡಿನಲ್ಲಿ ಹಣವಂತ ಪ್ರವಾಸಿಗರಿಗೆ ಜಾಗ ಹೇಗೆ ಬಂತು ಎಂದು ಆದಿವಾಸಿಗಳು 1996ರಲ್ಲಿ ಬೀದಿಗಿಳಿದು ಕೇಳಿದರು. ಮರುವರ್ಷ ಹೈಕೋರ್ಟು ಆ ಹೋಟೆಲಿಗೆ ತಡೆ ಹಾಕಿತು.

1999ರ ಸುಮಾರಿನಿಂದ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಗ್ರಾಮಗಳು ಎದ್ದವು. ಮನೆ, ಜಮೀನು, ಶಾಲೆ, ವಿದ್ಯುತ್ ಎಂದು ಭರವಸೆಯಿತ್ತು. ಮಕ್ಕಳ ಓದು, ಆಸ್ಪತ್ರೆ, ಆನೆಯ ಭಯವಿಲ್ಲದ ರಾತ್ರಿ ಬೇಕೆಂದು ಮನಸಾರೆ ಹೊರಬಂದವರಿದ್ದರು. ಬಂದು, ನೀರಿಲ್ಲದ ಜಮೀನಿನಲ್ಲಿ ಬೇಸಾಯ ಒಗ್ಗದೆ ಕೂಲಿಗೆ ಹೋದವರೂ ಇದ್ದರು. ಬರುವುದಿಲ್ಲವೆಂದು ಕಾಡಿನಲ್ಲೇ ಉಳಿದವರೂ ಇದ್ದಾರೆ. 2006ರಲ್ಲಿ ಬಂದ ಅರಣ್ಯ ಹಕ್ಕು ಕಾಯಿದೆ ತಲೆಮಾರುಗಳಿಂದ ಕಾಡಿನಲ್ಲಿ ನೆಲೆಸಿದವರ ಹಕ್ಕನ್ನು ಒಪ್ಪಿಕೊಂಡಿತು. ಆ ಕಾಯಿದೆಯನ್ನು ಮುಂದಿಟ್ಟುಕೊಂಡು 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ನೆಲೆಗೆ ಮರಳಿ ಗುಡಿಸಲು ಹಾಕಿದವು. ಅರಣ್ಯ ಇಲಾಖೆ ವಿರೋಧಿಸಿತು. ನಮ್ಮ ಹಿರಿಯರ ಸಮಾಧಿ, ದೇವರ ನೆಲೆ ಇಲ್ಲಿದೆ ಎಂಬುದು ಅವರ ವಾದ. ಹುಲಿಯ ನೆಲೆಯ ನಟ್ಟನಡುವೆ ಹೊಸ ವಸತಿ ಸಲ್ಲದು ಎಂಬುದು ಇಲಾಖೆಯ ವಾದ. ಎರಡು ಮಾತಿನ ಹಿಂದೆಯೂ ಚರಿತ್ರೆಯಿದೆ.

ಕಾಡಿನ ಅಂಚಿನ ರೈತರದು ಇನ್ನೊಂದು ಪಾಡು. ಮೃಗಗಳು ಹೆಚ್ಚಿದಾಗ ಗಡಿ ದಾಟುತ್ತವೆ. 2025ರ ಕೊನೆಯಲ್ಲಿ ಸರಗೂರು ಸುತ್ತಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಸಾಲಾಗಿ ರೈತರು ಬಲಿಯಾದರು. ನವೆಂಬರಿನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಸಫಾರಿ ವಾಹನಗಳ ಗದ್ದಲದಿಂದ ಹುಲಿ ಹೊರಬರುತ್ತಿದೆ ಎಂಬುದು ರೈತರ ದೂರಾಗಿತ್ತು. ಅದಿರಲಿ, ಪ್ರವಾಸಿಗನ ಬರವೂ ಈ ಕಾಡಿನ ಲೆಕ್ಕದಲ್ಲಿ ಒಂದು ಬಾಬತ್ತು ಎಂಬುದನ್ನು ಆ ಪ್ರಸಂಗ ಎಲ್ಲರಿಗೂ ತಿಳಿಸಿಕೊಟ್ಟಿತು. ನೋಡಲು ಹೋಗುವವನು ನೋಟದ ಹೊರಗೆ ನಿಲ್ಲಲಾರ.

ನೋಡುವ ಬಗೆ

ಹಾಗಾದರೆ ಈ ಕಾಡಿಗೆ ಹೋಗುವವರು ಏನನ್ನು ನೋಡಬೇಕು? ಹುಲಿ ಕಂಡರೆ ಸಂತೋಷ, ಕಾಣದಿದ್ದರೂ ನಷ್ಟವೇನಿಲ್ಲ. ಸಾಲಾಗಿ ನಿಂತ ತೇಗವನ್ನು ಕಂಡಾಗ ಅದನ್ನು ನೆಟ್ಟವರನ್ನು ನೆನೆಯಬಹುದು. ಹಡ್ಲಿನಲ್ಲಿ ಹಳೆಯ ಗದ್ದೆಯ ಬದುವಿನ ಗುರುತೇನಾದರೂ ಉಳಿದಿದೆಯೇ ಎಂದು ಕಣ್ಣು ಹಾಯಿಸಬಹುದು. ಆನೆ ಶಿಬಿರದ ಮಾವುತ, ಕಾವಾಡಿಗಳಲ್ಲಿ ಜೇನುಕುರುಬರೇ ಎಷ್ಟು ಮಂದಿ ಎಂದು ವಿಚಾರಿಸಬಹುದು. ಬೆಂಕಿ ರೇಖೆ ಸವರುವವರು, ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ರಾತ್ರಿ ಕಳೆಯುವವರು ಬಹುಪಾಲು ಅದೇ ಜನ. ಖೆಡ್ಡಾದ ಕಾಲದಲ್ಲಿ ಹೇಗೋ ಈಗಲೂ ಹಾಗೆ: ಕಾಡಿನ ಕೆಲಸಕ್ಕೆ ಅವರ ತಿಳಿವಳಿಕೆ ಬೇಕು. ಅವರ ಮಾತು ಎಷ್ಟು ಬೇಕು ಎಂಬುದನ್ನು ನಾವಿನ್ನೂ ತೀರ್ಮಾನಿಸಿಲ್ಲ.

ಚರಿತ್ರೆ ತಿಳಿದರೆ ಕಾಡಿನ ಸೊಬಗು ಕಡಿಮೆಯಾಗುವುದಿಲ್ಲ. ಮನುಷ್ಯನ ಕೈ ತಾಗಿದ ನೆಲವಾದ್ದರಿಂದ ಇದು ನಿಜವಾದ ಕಾಡಲ್ಲ, ಉಳಿಸಬೇಕಾಗಿಲ್ಲ ಎಂಬ ವಾದಕ್ಕೂ ಅರ್ಥವಿಲ್ಲ. ಗದ್ದೆಯಾಗಿದ್ದ ಹಡ್ಲಿಗೆ ಕಾಟಿ ಮರಳಿದೆ. ಆನೆಗಳನ್ನು ಅಟ್ಟಿದ ನದಿಯ ದಡಕ್ಕೆ ಆನೆಗಳೇ ಮರಿಗಳೊಂದಿಗೆ ಬರುತ್ತಿವೆ. ಕೆಡಿಸಿದ ಕೈಯೇ ಮನಸ್ಸು ಮಾಡಿದರೆ ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆದರೆ ‘ಯಾರೂ ಮುಟ್ಟದ ಕಾಡು’ ಎಂಬ ಸುಂದರ ಸುಳ್ಳನ್ನು ನಂಬಿದರೆ, ಮುಟ್ಟಿದವರ ಲೆಕ್ಕವೂ ತಪ್ಪುತ್ತದೆ, ಅವರಿಗೆ ಸಲ್ಲಬೇಕಾದದ್ದೂ ತಪ್ಪುತ್ತದೆ.

ಜಲಾಶಯಗಳ ನೀರಿನ ಮಟ್ಟವನ್ನು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಕಬಿನಿಯ ಗರಿಷ್ಠ ಮಟ್ಟ 2284 ಅಡಿ. ರೈತರು ಆ ಅಂಕಿ ಏರಲೆಂದು ಕಾಯುತ್ತಾರೆ. ಅದು ಇಳಿಯುತ್ತ ಹೋದಂತೆ ಎಲ್ಲೋ ಒಂದೆಡೆ ಮುಳುಗಿದ ನೆಲ ಮೇಲೇಳುತ್ತಿರುತ್ತದೆ, ಹುಲ್ಲು ಚಿಗುರುತ್ತಿರುತ್ತದೆ, ಆನೆಗಳು ನಡೆದು ಬರುತ್ತಿರುತ್ತವೆ. ಒಂದೇ ಅಂಕಿಯಲ್ಲಿ ಗದ್ದೆಯೂ ಇದೆ, ಕಾಡೂ ಇದೆ. ಮುಳುಗಿದ ಹಾಡಿಗಳೂ ಇವೆ.